ಅಣ್ಣ ಬಿಟ್ಟಷ್ಟು ಮರ

ನನ್ನ ಅತ್ತೆ ಅಣ್ಣನ ಮನೆಗೆ ಬಂದದ್ದು ಒಂದು ವಾರ ಇದ್ದು ಹೋಗಲು. ಅಣ್ಣ ಎಂದರೆ ನನ್ನ ಅಪ್ಪ. ಆಗ ಅವಳ ಕೈಯಲ್ಲಿ ಒಂದೇ ಚೀಲವಿತ್ತಂತೆ. ಅದರಲ್ಲಿ ಎರಡು ಜೊತೆ ಬಟ್ಟೆ, ಉಳಿಗೆ ಹೊಡೆಯುವ ಒಂದು ಕೊಡತಿ, ಹಳೆಯ ಬಟ್ಟೆಯಲ್ಲಿ ಸುತ್ತಿದ ಏಳು ಉಳಿ. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿ ಏನಾಯಿತೆಂದು ಅಮ್ಮ ಕೇಳಿದಾಗ, "ಆ ಮನೇಲಿ ಉಳಿ ಮುಟ್ಟೋ ಹಾಗಿರಲಿಲ್ಲ ಅತ್ತಿಗೆ" ಎಂದಳಂತೆ. ಅದಕ್ಕಿಂತ ಹೆಚ್ಚು ಯಾರಿಗೂ ಹೇಳಿಲ್ಲ. ಆ ಒಂದು ವಾರಕ್ಕೆ ಈಗ ಇಪ್ಪತ್ತೊಂದು ವರ್ಷ.

ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ಹಿಂದಿನ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು. ಮುಂದಿನದು ಕೆಲಸದ ಕೋಣೆ. ಅದರ ನಡುವೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ, ಮರವನ್ನು ತಿರುಗಿಸಿ ಕಡೆಯುವ ಲೇತು, ಅದರ ಕೆಳಗೆ ಮೋಟಾರು, ಒಂದು ಬೆಲ್ಟು. ಕಿಟಕಿಯ ಕೆಳಗೆ ಒಂದು ಹಲಗೆ. ಹಗಲಿನಲ್ಲಿ ಅದು ಅತ್ತೆ ಕೂತು ಕೆತ್ತುವ ಜಾಗ, ರಾತ್ರಿ ಅದರ ಪಕ್ಕವೇ ಅವಳ ಹಾಸಿಗೆ. ಬೆಳಿಗ್ಗೆ ಅಪ್ಪ ಲೇತು ಶುರುಮಾಡುವ ಮೊದಲು ಹಾಸಿಗೆ ಸುತ್ತಿ ಹಲಗೆಯ ಕೆಳಗೆ ತಳ್ಳಬೇಕು. ಜ್ವರ ಬಂದ ದಿನವೂ ತಳ್ಳಿದ್ದನ್ನು ನಾನು ನೋಡಿದ್ದೇನೆ. ಕಿಟಕಿಯ ಆಚೆ ಪಕ್ಕದ ಮನೆಯ ಗೋಡೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆ ಗೋಡೆಯ ಮೇಲೊಂದು ನೀರಿನ ಪೈಪು, ಪೈಪಿನ ಮೇಲೆ ಯಾವಾಗಲೂ ಇರುವೆ ಸಾಲು. ಕಿಟಕಿಯಿಂದ ಕಾಣುವುದು ಇಷ್ಟೇ.

ನಮ್ಮ ಮನೆಯಲ್ಲಿ ಮಾಡುವುದು ಮುಚ್ಚಳವಿರುವ ಮರದ ಭರಣಿ. ಜನ ಅದನ್ನು ಅಂದಕ್ಕೆ ಇಟ್ಟುಕೊಳ್ಳುತ್ತಾರೆ, ಅದರೊಳಗೆ ಏನೂ ಹಾಕುವುದಿಲ್ಲ. ಅಪ್ಪ ಹಸಿ ಮರದ ತುಂಡನ್ನು ಲೇತಿಗೆ ಹಾಕಿ ಒರಟಾಗಿ ಕಡೆಯುತ್ತಾನೆ, ಒಳಗೆ ಟೊಳ್ಳು ಮಾಡುತ್ತಾನೆ. ಬಾಯಿಯ ಅಂಚಿಗೆ ಮೇಣ ಸವರಿ, ಮರದ ಸಿಪ್ಪೆ ತುಂಬಿ, ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಾನೆ. ಅಲ್ಲಿ ಅದು ಮೂರು ತಿಂಗಳು, ಕೆಲವೊಮ್ಮೆ ನಾಲ್ಕು ತಿಂಗಳು ಒಣಗಬೇಕು. ಭಾನುವಾರ ಬೆಳಿಗ್ಗೆ ಅಪ್ಪ ಏಣಿ ಹತ್ತಿ ಒಂದೊಂದನ್ನೂ ತಕ್ಕಡಿಯಲ್ಲಿಟ್ಟು, ಆ ವಾರದ ತೂಕವನ್ನು ಪೆನ್ಸಿಲಿನಲ್ಲಿ ತಳದ ಮೇಲೆ ಬರೆಯುತ್ತಾನೆ. ತೂಕ ಇಳಿಯುವುದು ನಿಂತರೆ ಮರ ಒಣಗಿತು ಎಂದರ್ಥ. ಆಮೇಲೆ ಮತ್ತೆ ಲೇತು. ಈ ಸಲ ಭರಣಿಯ ಗೋಡೆಯನ್ನು ತೆಳ್ಳಗೆ ಇಳಿಸಿ, ಹೊಟ್ಟೆಯ ಸುತ್ತ ಒಂದು ಪಟ್ಟಿಯಷ್ಟು ಮರವನ್ನು ಮಾತ್ರ ಉಬ್ಬಾಗಿ ಬಿಡುತ್ತಾನೆ. ಆ ಪಟ್ಟಿ ಅತ್ತೆಯದು.

ಒಂದೂವರೆ ಅಂಗುಲ ಅಗಲ, ಕಾಲು ಅಂಗುಲ ದಪ್ಪ. ಅದರಲ್ಲಿ ಅವಳು ಒಂದು ಬಳ್ಳಿ, ಹದಿನಾರು ಎಲೆ ಕೆತ್ತುತ್ತಾಳೆ. ಅಂಗಡಿಯವನು ಕೇಳುವುದು ಅದನ್ನೇ. ಮೊದಲ ವರ್ಷಗಳಲ್ಲಿ ಒಂದು ಸಲ, "ಅಣ್ಣ, ಪಟ್ಟೀನ ಮೂರು ಅಂಗುಲ ಬಿಡು, ಬೇರೆ ಏನಾದ್ರೂ ಮಾಡ್ತೀನಿ" ಎಂದು ಕೇಳಿದ್ದಳಂತೆ. "ಒಂದೂವರೇಲಿ ಏನು ಕಷ್ಟ ನಿನಗೆ?" ಎಂದನಂತೆ ಅಪ್ಪ. ಕಷ್ಟ ಏನೂ ಇರಲಿಲ್ಲ. ಕಣ್ಣು ಮುಚ್ಚಿ ಕೆತ್ತುವಷ್ಟು ಸುಲಭವಾಗಿತ್ತು. ಅದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ.

ಅಮ್ಮ ಅವಳನ್ನು ಕರೆಯುವುದು ಉಳಿರಾಣಿ ಎಂದು. "ಉಳಿರಾಣಿ, ನೀನು ಇಷ್ಟು ವರ್ಷ ಕೆತ್ತಿದ ಬಳ್ಳೀನೆಲ್ಲ ಬಿಚ್ಚಿ ಉದ್ದಕ್ಕೆ ಕಟ್ಟಿದ್ರೆ ಚಂದ್ರನ ತನಕ ಹೋಗಿ ವಾಪಸ್ ಬರಬಹುದು ಕಣೇ."

"ಹೋಗೋದೇನೋ ಸರಿ ಅತ್ತಿಗೆ. ವಾಪಸ್ ಬರೋದ್ಯಾಕೆ?" ಎಂದಳು ಅತ್ತೆ, ಕಣ್ಣು ಎತ್ತದೆ.

ಅವಳ ಕೂದಲಲ್ಲಿ ಸದಾ ಮರದ ಪುಡಿ. ಎಷ್ಟು ತಲೆ ತೊಳೆದರೂ ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಿಳಿ. ಲೇತಿನಿಂದ ಅವಳ ಹಲಗೆಗೆ ನಾಲ್ಕು ಹೆಜ್ಜೆ. ಲೇತನ್ನು ಮುಟ್ಟದಿದ್ದರೂ ಅದರ ಸದ್ದನ್ನೆಲ್ಲ ಬಲ್ಲಳು. "ಅಣ್ಣ, ಉಳಿ ಮೊಂಡಾಗಿದೆ, ಮಸೆದುಕೋ" ಎಂದು ಕೂತಲ್ಲಿಂದಲೇ ಹೇಳುತ್ತಾಳೆ. ಅಪ್ಪ ಬೆರಳಿಟ್ಟು ನೋಡಿದರೆ ಮೊಂಡಾಗಿಯೇ ಇರುತ್ತದೆ. ಒಮ್ಮೆ "ನನಗೂ ಕಡೆಯೋದು ಕಲಿಸು" ಎಂದು ಅವಳು ಕೇಳಿದಾಗ ಅಪ್ಪ ನಕ್ಕುಬಿಟ್ಟ. "ಇಬ್ಬರೂ ಲೇತಿಗೆ ನಿಂತ್ರೆ ಕೆತ್ತೋರ್ಯಾರು, ನಿಮ್ಮ ಅತ್ತಿಗೆನಾ?"

ಕಳೆದ ವರ್ಷ ಒಂದು ಮಧ್ಯಾಹ್ನ ಗರಗಸದಣ್ಣ ಬಂದ. ನಮಗೆ ಮರ ಕೊಡುವ ಗರಗಸದ ಕಾರ್ಖಾನೆಯವನು. ಎಡಗೈಯಲ್ಲಿ ಎರಡು ಬೆರಳಿಲ್ಲ. ಯಾರಾದರೂ ಕೇಳಿದರೆ, "ಮೂರೇ ಸಾಕು, ಎಣಿಸೋಕೆ ಅಷ್ಟೇನೂ ಇಲ್ಲ" ಎನ್ನುತ್ತಾನೆ. ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದು ಅತ್ತೆಯ ಮುಂದಿಟ್ಟ. ಬಸ್ಸಿನಲ್ಲಿ ಮೂರು ಗಂಟೆ ದೂರದಲ್ಲಿ ಒಂದು ಕರಕುಶಲ ತರಬೇತಿ ಕೇಂದ್ರವಿದೆ. ಅವನು ಅಲ್ಲಿಗೆ ಹಲಗೆ ತಲುಪಿಸಲು ಹೋಗುತ್ತಾನೆ. ಅಲ್ಲಿ ಗೋಡೆಗೆ ಅಂಟಿಸಿದ್ದರಂತೆ.

"ಅಂಟಿಸಿದ್ದನ್ನ ಕಿತ್ತುಕೊಂಡು ಬಂದ್ಯಾ?" ಎಂದಳು ಅಮ್ಮ.

"ಒಂದೇ ಕಿತ್ತಿದ್ದು ಅಕ್ಕಾ. ಇನ್ನೂ ನಾಲ್ಕು ಇತ್ತು."

ಅತ್ತೆಗೆ ಓದಲು ಬರುತ್ತದೆ, ಆದರೆ ನಿಧಾನ. ನಾನು ಓದಿ ಹೇಳಿದೆ. ಮರದ ಪಾತ್ರೆಗಳನ್ನು ಕಡೆಯುವುದು, ಕೆತ್ತುವುದು ಎರಡನ್ನೂ ಕಲಿಸುವವರು ಬೇಕಾಗಿದ್ದಾರೆ. ವಯಸ್ಸು ನಲವತ್ತೈದು ದಾಟಿರಬಾರದು. ಆಯ್ಕೆ ವರ್ಷಕ್ಕೊಮ್ಮೆ, ಈ ಸಲದ್ದು ಇಂದಿಗೆ ನಾಲ್ಕು ತಿಂಗಳಿಗೆ. ಮರದ ತುಂಡಿನಿಂದ ಹಿಡಿದು ಮೇಣದ ಹೊಳಪಿನವರೆಗೆ ಪೂರ್ತಿ ಸ್ವಂತ ಕೈಯಿಂದ ಮಾಡಿದ ಒಂದು ಪಾತ್ರೆಯನ್ನು ತರಬೇಕು. ಇರಲು ಕೋಣೆ ಕೊಡಲಾಗುವುದು.

"ಕೊನೇದು ಇನ್ನೊಂದು ಸಲ ಓದು" ಎಂದಳು. ಓದಿದೆ.

"ಕೋಣೆಗೆ ಬಾಗಿಲಿರುತ್ತೆ ಅಂತ ಬರೆದಿದ್ಯಾ?"

"ಬರೆದಿಲ್ಲ ಅತ್ತೆ."

"ಕೋಣೆ ಅಂದ್ಮೇಲೆ ಇರಲೇಬೇಕು" ಎಂದಳು. ಆಗ ಅವಳಿಗೆ ನಲವತ್ತನಾಲ್ಕು ವರ್ಷ. ಈ ವರ್ಷ ಒಂದು, ಮುಂದಿನ ವರ್ಷ ಒಂದು. ಅಷ್ಟೇ.

ಅಪ್ಪನಿಗೆ ಹೇಳುವುದು ಬೇಡ ಎಂದು ಅವಳೇ ಹೇಳಿದಳು. ಹೇಳಿದರೆ ಅಪ್ಪ ಬೈಯುವುದಿಲ್ಲ, ನಗುತ್ತಾನೆ. ಆ ನಗುವನ್ನು ತಡೆದುಕೊಂಡು ಕೆಲಸ ಮಾಡಲು ಆಗುವುದಿಲ್ಲ ಎಂದಳು. ಅರ್ಜಿಯನ್ನು ನಾನು ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಅಮ್ಮ ಹೇಳಿದ್ದರಿಂದ. ನಾನು ಶಾಲೆ ಬಿಟ್ಟು ಆಗ ಎರಡು ತಿಂಗಳಾಗಿತ್ತು.

ಅಪ್ಪ ಗುರುವಾರ ಮಾಲು ತಲುಪಿಸಲು ಅಂಗಡಿಗೆ ಹೋದರೆ ಬರುವುದು ಸಂಜೆಯೇ. ಆ ಗುರುವಾರ ಗರಗಸದಣ್ಣ ಒಂದು ಹಸಿ ಮಾವಿನ ತುಂಡನ್ನು ಬಾಗಿಲಲ್ಲಿಟ್ಟು ಹೋದ. ಅತ್ತೆ ಕೂದಲನ್ನು ಬಿಗಿಯಾಗಿ ಕಟ್ಟಿ, ಮೊದಲ ಸಲ ಲೇತಿನ ಮುಂದೆ ನಿಂತಳು. ಅಪ್ಪ ನಿಂತು ನಿಂತು ಆ ಜಾಗದ ನೆಲ ತಗ್ಗಾಗಿದೆ. ಅವಳ ಕಾಲು ಚಿಕ್ಕದು, ಆ ತಗ್ಗಿನಲ್ಲಿ ಸರಿಯಾಗಿ ಕೂರಲಿಲ್ಲ.

"ಅತ್ತಿಗೆ, ಬಾಗಿಲು ಹಾಕಿ."

"ಹಾಕಿದ್ರೆ ನಾನು ಉಸಿರಾಡೋದು ಬೇಡ್ವಾ? ಇಲ್ಲೇ ನಿಂತಿರ್ತೀನಿ. ಯಾರಾದ್ರೂ ಬಂದ್ರೆ ಕೆಮ್ಮುತೀನಿ." ಆಮೇಲೆ ಅಮ್ಮ ಸೇರಿಸಿದಳು: "ನೀನು ಹೋದ್ರೆ ನನಗೊಂದು ಕೋಣೆ ಸಿಗುತ್ತೆ ನೋಡು. ಅದಕ್ಕೇ ಮಾಡ್ತಿರೋದು. ಪ್ರೀತಿಗೆ ಅಂತ ತಿಳ್ಕೊಬೇಡ."

ಮೋಟಾರು ಶುರುವಾಯಿತು. ಮೊದಲ ಸಲ ಉಳಿ ಮರಕ್ಕೆ ಸಿಕ್ಕಿಕೊಂಡು ಅವಳ ಕೈಯಿಂದ ಹಾರಿತು. ಎರಡನೆಯ ಸಲವೂ ಹಾರಿತು. ಅಮ್ಮ ಕೆಮ್ಮುವುದನ್ನು ಮರೆತು ಕೂಗಿಕೊಂಡಳು. ಮೂರನೆಯ ಸಲ ಅತ್ತೆ ಕಣ್ಣು ಮುಚ್ಚಿ ಒಂದು ನಿಮಿಷ ಲೇತಿನ ಸದ್ದನ್ನು ಕೇಳಿದಳು. ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಉಳಿಯ ಬೆನ್ನನ್ನು ಮೊದಲು ಮರಕ್ಕೆ ತಾಗಿಸಿ, ಆಮೇಲೆ ಅದರ ಅಲಗನ್ನು ಮೆಲ್ಲಗೆ ತಿರುಗಿಸಿದಳು. ಹಸಿ ಮರದ ಸುರುಳಿ ಒಂದೇ ಸಮನೆ ಅವಳ ಭುಜದ ಮೇಲಿಂದ ಹಾರತೊಡಗಿತು. ನೀರು ಸಿಡಿದು ಮುಖ ಒದ್ದೆಯಾಯಿತು. ಮೂರು ಗುರುವಾರ ಬೇಕಾಗಬಹುದು ಎಂದುಕೊಂಡದ್ದು ಆ ಒಂದೇ ಗುರುವಾರ ಮುಗಿಯಿತು.

ಅವಳು ಕೆತ್ತಬೇಕೆಂದುಕೊಂಡದ್ದು ಬಳ್ಳಿಯನ್ನಲ್ಲ, ಇರುವೆಗಳನ್ನು. ತಳದಿಂದ ಹೊರಟು ಹೊಟ್ಟೆಯನ್ನು ಸುತ್ತಿಕೊಂಡು ಬಾಯಿಯವರೆಗೆ ಹತ್ತುವ ಒಂದು ಸಾಲು. ಒಂದೊಂದು ಇರುವೆಯೂ ಕಾಲೂರಿ ನಿಂತಿರಬೇಕು, ಅದರ ಹೊಟ್ಟೆಯ ಕೆಳಗೆ ಬೆಳಕು ತೂರಬೇಕು.

"ಇರುವೆನಾ?" ಎಂದಳು ಅಮ್ಮ. "ಸಕ್ಕರೆ ಹಾಕೋಕೆ ಮುಂಚೇನೇ ಇರುವೆ ಬಂದ ಡಬ್ಬೀನ ಯಾರೇ ಇಷ್ಟಪಡ್ತಾರೆ?"

"ಇಪ್ಪತ್ತು ವರ್ಷದಿಂದ ನಾನು ದಿನಾ ನೋಡಿರೋದು ಇದೊಂದೇ ಅತ್ತಿಗೆ. ಎಲೆ ನೋಡಿದವರು ಎಲೆ ಕೆತ್ತಲಿ."

ಕಾಲೂರಿ ನಿಲ್ಲುವ ಇರುವೆಗೆ ಮರ ಬೇಕು. ಅದಕ್ಕೇ ಅವಳು ಹೊಟ್ಟೆಯ ಗೋಡೆಯನ್ನು ಪೂರಾ ಎರಡು ಅಂಗುಲ ದಪ್ಪ ಬಿಟ್ಟಳು. ಮರ ಹೆಚ್ಚಿದ್ದಷ್ಟೂ ಒಳ್ಳೆಯದು, ಬೇಡವಾದರೆ ಆಮೇಲೆ ತೆಗೆಯಬಹುದು ಎಂದು ಲೆಕ್ಕ ಹಾಕಿದಳು. ತಳ ಮಾತ್ರ ಭಾರವಾಗಬಾರದೆಂದು ಅರ್ಧ ಅಂಗುಲಕ್ಕೆ ಇಳಿಸಿದಳು. ಬಾಯಿಗೆ ಮೇಣ ಸವರಿ, ಸಿಪ್ಪೆ ತುಂಬಿ, ಕಾಗದ ಸುತ್ತಿ, ಅಟ್ಟದಲ್ಲಿ ಅಪ್ಪನ ಭರಣಿಗಳ ಸಾಲಿನ ಹಿಂದೆ ಒಂದು ಗೋಣಿಯ ಕೆಳಗೆ ಇಟ್ಟಳು. ಗುರುವಾರಕ್ಕೊಮ್ಮೆ ತಾನೇ ಹತ್ತಿ ತೂಕ ಬರೆದಳು. ಮೊದಲ ವಾರ ನಾಲ್ಕು ಕೆಜಿ ಇನ್ನೂರು. ಎರಡನೆಯ ವಾರ ಮೂರು ಒಂಬೈನೂರು.

ಮೂರನೆಯ ಗುರುವಾರ ಏಣಿ ಹತ್ತಿದವಳು ಇಳಿಯಲೇ ಇಲ್ಲ. ನಾನು ಕೆಳಗಿನಿಂದ ಕರೆದೆ. ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡು ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತಿದ್ದಳು. ತಳದಲ್ಲಿ ಅವಳು ಬರೆದ ಎರಡು ಅಂಕಿಗಳ ಕೆಳಗೆ ಮೂರನೆಯದೊಂದು ಅಂಕಿ ಇತ್ತು. ಸೊಟ್ಟ ಅಕ್ಷರ. ಅಪ್ಪನದು.

"ಅತ್ತಿಗೆ, ಅಣ್ಣ ನೋಡಿದ್ದಾನೆ."

"ಅಯ್ಯೋ! ಏನಂದ?"

"ಏನೂ ಅಂದಿಲ್ಲ. ತೂಕ ಬರೆದಿದ್ದಾನೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಮ್ಮ ನಗಲು ಶುರುಮಾಡಿದಳು. "ಬಾಯಲ್ಲಿ ಹೂಂ ಅನ್ನೋಕೆ ಬರಲ್ಲ ನಿಮ್ಮಣ್ಣನಿಗೆ. ಪೆನ್ಸಿಲಲ್ಲಿ ಅಂದಿದ್ದಾನೆ" ಎಂದಳು. ಅತ್ತೆಯೂ ನಕ್ಕಳು. ನಾನು ಹುಟ್ಟಿದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕದ್ದು ನನಗೆ ನೆನಪಿಲ್ಲ.

ಅಂದಿನಿಂದ ಅವಳು ಅಟ್ಟ ಹತ್ತುವುದನ್ನು ಬಿಟ್ಟಳು. ಭಾನುವಾರ ಅಪ್ಪ ಹತ್ತಿ ಎಲ್ಲವನ್ನೂ ತೂಗಿ ಇಳಿಯುತ್ತಿದ್ದ. ಅವಳದನ್ನೂ ತೂಗಿರುತ್ತಾನೆಂದು ಅವಳಿಗೆ ಗೊತ್ತಿತ್ತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನು ಮಾಡುತ್ತಿರುವ ಉಪಕಾರಕ್ಕೆ ಬಾಯಿ ಹಾಕಿದರೆ ಅದು ಕೆಟ್ಟೀತು ಎಂದು ಹೆದರಿದಳೋ ಏನೋ. ಹದಿನಾರು ಎಲೆಗಳನ್ನು ಮೊದಲಿಗಿಂತ ಬೇಗ ಬೇಗ ಮುಗಿಸಿ, ಉಳಿದ ಹೊತ್ತಿನಲ್ಲಿ ಚೂರು ಮರದ ಮೇಲೆ ಇರುವೆಯ ಕಾಲುಗಳನ್ನು ಕೆತ್ತಿ ಅಭ್ಯಾಸ ಮಾಡಿದಳು. ಅಪ್ಪ ಅದನ್ನೂ ನೋಡಿದ. ಅದಕ್ಕೂ ಏನೂ ಹೇಳಲಿಲ್ಲ.

ಹದಿಮೂರನೆಯ ವಾರ. ಆಯ್ಕೆಗೆ ಇನ್ನು ಹದಿನೆಂಟು ದಿನವಿತ್ತು. ಇಷ್ಟು ಹೊತ್ತಿಗೆ ಒಣಗಿರಬೇಕು, ಗುರುವಾರ ಎರಡನೆಯ ಸಲ ಕಡೆಯಬೇಕು ಎಂದು ಅತ್ತೆ ಸೋಮವಾರವೇ ಅಟ್ಟ ಹತ್ತಿದಳು. ಅಪ್ಪ ಲೇತಿನಲ್ಲಿದ್ದ. ಅವಳು ಗೋಣಿಯನ್ನು ಸರಿಸಿ, ಕಾಗದ ಬಿಚ್ಚಿ, ಭರಣಿಯನ್ನು ಕಿಟಕಿಯ ಬೆಳಕಿಗೆ ತಂದಳು.

ಬಾಯಿಯಿಂದ ಹೊಟ್ಟೆಯ ನಡುವಿನವರೆಗೆ ಬಿರುಕು ಬಿಟ್ಟಿತ್ತು. ಉಗುರು ಹೋಗುವಷ್ಟು ಅಗಲ. ತಳದಿಂದ ಇನ್ನೊಂದು, ಸಣ್ಣದು, ಮೇಲಕ್ಕೆ ಹೊರಟಿತ್ತು.

ಅವಳು ಅದನ್ನು ಹಲಗೆಯ ಮೇಲಿಟ್ಟು ಅದರ ಮುಂದೆ ಕೂತಳು. ಅಮ್ಮ ಬಂದು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ಮೆಲ್ಲಗೆ ಅಂದಳು. ಅತ್ತೆ ತಲೆ ಅಲ್ಲಾಡಿಸಿದಳು. "ನಿಮಿಷ ಅಲ್ಲ ಅತ್ತಿಗೆ. ಇಲ್ಲಿ ನೋಡಿ."

ಬಿರುಕಿನ ಪಕ್ಕದಲ್ಲಿ ಪೆನ್ಸಿಲಿನ ಅಡ್ಡ ಗೀರುಗಳಿದ್ದವು. ಬಾಯಿಯ ಹತ್ತಿರ ಒಂದು, ಅದರ ಎರಡು ಬೆರಳು ಕೆಳಗೆ ಇನ್ನೊಂದು, ಹೊಟ್ಟೆಯ ಮೇಲೆ ಮೂರನೆಯದು. ಇದು ನಮ್ಮ ಮನೆಯವರೆಲ್ಲರಿಗೂ ಗೊತ್ತಿರುವ ಗುರುತು. ಒಣಗುತ್ತಿರುವ ಮರದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಪ್ಪ ಅದರ ತುದಿಗೆ ಒಂದು ಗೀರು ಎಳೆಯುತ್ತಾನೆ. ಮುಂದಿನ ವಾರ ಬಿರುಕು ಗೀರನ್ನು ದಾಟಿದ್ದರೆ ಮತ್ತೊಂದು. ತನ್ನ ಭರಣಿಗಳಲ್ಲಿ ಅವನು ಎರಡನೆಯ ಗೀರಿನವರೆಗೂ ಕಾಯುವುದಿಲ್ಲ. ಮೊದಲನೆಯದಕ್ಕೇ ಕೆಳಗೆ ತಂದು, ಲೇತಿಗೆ ಹಾಕಿ ಗೋಡೆಯನ್ನು ತೆಳ್ಳಗೆ ಮಾಡಿ, ಬಿರುಕಿಗೆ ಅಂಟು ಕುಡಿಸಿ ಉಳಿಸಿಕೊಳ್ಳುತ್ತಾನೆ. ಮೂರು ಗೀರು ಎಂದರೆ ಮೂರು ಭಾನುವಾರ.

ಅತ್ತೆ ಎದ್ದು ಹೋಗಿ ಮೋಟಾರಿನ ಸ್ವಿಚ್ಚು ಆರಿಸಿದಳು. ಅಪ್ಪ ಕಡೆಯುತ್ತಿರುವಾಗ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಲೇತು ತಿರುಗಿ ತಿರುಗಿ ನಿಂತಿತು. ಕೋಣೆ ಇದ್ದಕ್ಕಿದ್ದಂತೆ ಚಿಕ್ಕದಾದ ಹಾಗಿತ್ತು.

"ನಿನಗೆ ಗೊತ್ತಿತ್ತಾ ಅಣ್ಣ?"

ಅಪ್ಪ ಕೈಯಲ್ಲಿದ್ದ ಉಳಿಯನ್ನು ಕೆಳಗಿಡಲಿಲ್ಲ. "ಏನು?"

"ಸೀಳುತ್ತೆ ಅಂತ."

"ಮೊದಲನೇ ದಿನ ಕೈಗೆತ್ತಿಕೊಂಡಾಗಲೇ ಗೊತ್ತಾಯ್ತು. ಹೊಟ್ಟೆ ಎರಡು ಅಂಗುಲ, ತಳ ಅರ್ಧ. ತಳ ಒಣಗಿ ಎಳೆಯುತ್ತೆ, ಹೊಟ್ಟೆ ಹಸಿ ಇದ್ದು ಬಿಡಲ್ಲ. ಸೀಳದೆ ಏನಾಗುತ್ತೆ?"

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಅಮ್ಮ ನಡುವೆ ಬಂದಳು. "ರೀ, ಇದೂ ಒಂದು ಮಾತಾ? ಕೇಳದೇ ಇದ್ರೆ ಬೆಂಕಿ ಬಿದ್ರೂ ಹೇಳಲ್ವಾ ನೀವು?"

"ನೀನು ಸುಮ್ನಿರು. ಗರಗಸದವನು ನನ್ನ ಹತ್ರ ಎಲ್ಲಾ ಬಾಯಿ ಬಿಟ್ಟಿದ್ದಾನೆ. ಕದ್ದು ಮರ ತರಿಸಿದ್ದು ಯಾರು, ಬಾಗಿಲಲ್ಲಿ ಕಾವಲು ನಿಂತಿದ್ದು ಯಾರು? ಮೂರು ಜನ ಸೇರಿ ನನ್ನ ಬೆನ್ನ ಹಿಂದೆ ಮಾಡಿದ್ದು. ಆಗ ನನ್ನನ್ನ ಕೇಳಬೇಕು ಅನ್ನಿಸ್ಲಿಲ್ಲ." ಅಪ್ಪ ಅತ್ತೆಯ ಕಡೆ ತಿರುಗಿದ. ಅವನ ದನಿ ತಗ್ಗಿತು. "ನೀನು ಹೋದ್ರೆ ನನ್ನ ಭರಣೀನ ಯಾರು ಮುಟ್ಟಿ ನೋಡ್ತಾರೆ? ಪಟ್ಟಿ ಇಲ್ದೇ ಹೋದ್ರೆ ಅದು ಬರೀ ಡಬ್ಬಿ. ಅದನ್ನ ಒಂದು ದಿನ ಯೋಚ್ನೆ ಮಾಡಿದ್ಯಾ?"

"ಇಪ್ಪತ್ತೊಂದು ವರ್ಷ ಅದನ್ನೇ ಯೋಚ್ನೆ ಮಾಡ್ತಾ ಕೂತಿದ್ದೆ" ಎಂದಳು ಅತ್ತೆ.

ಅಪ್ಪ ಸ್ವಿಚ್ಚನ್ನು ಮತ್ತೆ ಹಾಕಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಒಂದು ಗಂಟೆ ಬಿಟ್ಟು ಬಂದವನು ನೇರವಾಗಿ ಅಟ್ಟ ಹತ್ತಿ, ತನ್ನ ಭರಣಿಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಒಣಗಿದ್ದನ್ನು ತಂದು ಅತ್ತೆಯ ಹಲಗೆಯ ಮೇಲಿಟ್ಟ. ನಾನು ಅಪ್ಪನ ಮುಖವನ್ನು ನೋಡಿದೆ. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಇದು ತಗೋ. ಎರಡನೇ ಸಲ ನೀನೇ ಕಡೆದುಕೋ. ನಿನ್ನ ಇರುವೆನೋ ಜಿರಳೆನೋ ಕೆತ್ತಿಕೋ. ಒರಟು ಕಡೆದಿದ್ದು ನಾನು ಅಂತ ಯಾರಿಗೆ ಗೊತ್ತಾಗುತ್ತೆ?"

ಅತ್ತೆ ಭರಣಿಯನ್ನು ಎತ್ತಿ ತಿರುಗಿಸಿ ನೋಡಿದಳು. ಒಳಗೆ ಕೈ ಹಾಕಿ ಗೋಡೆಯನ್ನು ಬೆರಳಿನಲ್ಲಿ ಸವರಿದಳು. ಅವಳಿಗೆ ಅದು ಬೇಕಾಗಿತ್ತು. ಅದು ನನಗೆ ಕಾಣಿಸುತ್ತಿತ್ತು. ಅಮ್ಮ ಕಣ್ಣಿನಲ್ಲೇ ತಗೋ ತಗೋ ಎಂದು ಹೇಳುತ್ತಿದ್ದಳು.

"ಇದರಲ್ಲೂ ನೀನು ಬಿಟ್ಟಷ್ಟೇ ನನಗೆ" ಎಂದು ಅತ್ತೆ ಅದನ್ನು ಅವನ ಕೈಗೇ ವಾಪಸ್ ಕೊಟ್ಟಳು.

ಹದಿನೆಂಟು ದಿನ ಅವರಿಬ್ಬರೂ ನಾಲ್ಕು ಹೆಜ್ಜೆ ಅಂತರದಲ್ಲಿ ಕೂತು, ನಿಂತು ಕೆಲಸ ಮಾಡಿದರು. ಅವನು ಕಡೆದಿಟ್ಟ, ಅವಳು ಕೆತ್ತಿದಳು. ಅವನ ಉಳಿ ಮೊಂಡಾಗಿ ಕೀರಿದರೂ ಅವಳು ಹೇಳಲಿಲ್ಲ.

ಆಯ್ಕೆಯ ದಿನ ಅವಳು ಹೋಗುವುದಿಲ್ಲ ಎಂದುಕೊಂಡಿದ್ದೆವು. ಆದರೆ ಬೆಳಿಗ್ಗೆ ಹಾಸಿಗೆ ಸುತ್ತಿ, ಒಡೆದ ಭರಣಿಯನ್ನು ಟವೆಲಿನಲ್ಲಿ ಕಟ್ಟಿ ಚೀಲಕ್ಕೆ ಹಾಕಿ, "ಬಾ, ಜೊತೆಗೆ" ಎಂದು ನನ್ನನ್ನು ಕರೆದಳು. ಬಸ್ಸಿನಲ್ಲಿ ಮೂರು ಗಂಟೆಯೂ ಚೀಲ ಅವಳ ಮಡಿಲಲ್ಲೇ ಇತ್ತು.

ಕೇಂದ್ರದ ಉದ್ದನೆಯ ಕೋಣೆಯಲ್ಲಿ ಹನ್ನೊಂದು ಜನ ತಮ್ಮ ತಮ್ಮ ಪಾತ್ರೆಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಹೊಳೆಯುವ ಬಟ್ಟಲು, ಹೂಜಿ, ಕರಡಿಗೆ. ಅತ್ತೆಯ ಸರದಿ ಬಂದಾಗ ಅವಳು ಟವೆಲು ಬಿಚ್ಚಿದಳು. ಅಕ್ಕಪಕ್ಕದವರು ಒಮ್ಮೆ ನೋಡಿ ಬೇರೆ ಕಡೆ ತಿರುಗಿದರು. ಅಲ್ಲಿನ ಹಿರಿಯ ಮೇಷ್ಟ್ರು ಮಾತ್ರ ಅದನ್ನು ಎರಡು ಕೈಯಲ್ಲಿ ಎತ್ತಿದರು. ಬಿರುಕಿನಲ್ಲಿ ಉಗುರಿಟ್ಟು ನೋಡಿದರು.

"ಹೊಟ್ಟೆ ಎಷ್ಟು ಬಿಟ್ರಿ?"

"ಎರಡು ಅಂಗುಲ."

"ತಳ?"

"ಅರ್ಧ."

"ನೀವು ಮೊದಲಿನಿಂದ ಕೆತ್ತೋರು, ಅಲ್ವಾ?" ಮೇಷ್ಟ್ರು ನಕ್ಕರು, ಆದರೆ ಅದು ಅಪ್ಪನ ನಗುವಿನಂತಿರಲಿಲ್ಲ. "ಕೆತ್ತೋರಿಗೆ ಮರ ಉಳಿದ್ರೆ ಧೈರ್ಯ. ಕಡೆಯೋರಿಗೆ ಮರ ಹೋದ್ರೆ ಧೈರ್ಯ. ಬರೀ ಕಡೆಯೋನು ಈ ತಪ್ಪು ಮಾಡಲ್ಲಮ್ಮ. ಪ್ರತಿ ವರ್ಷ ಒಬ್ಬರಾದ್ರೂ ಇಂಥದ್ದು ತರ್ತಾರೆ. ಏನು ಕೆತ್ತಬೇಕು ಅಂತಿದ್ರಿ?"

ಅತ್ತೆ ಚೀಲದಿಂದ ಅಭ್ಯಾಸದ ಮರದ ಚೂರೊಂದನ್ನು ತೆಗೆದು ಕೊಟ್ಟಳು. ಅದರ ಮೇಲೆ ಒಂದೇ ಒಂದು ಇರುವೆ ಆರು ಕಾಲಿನಲ್ಲಿ ನಿಂತಿತ್ತು. ಮೇಷ್ಟ್ರು ಕನ್ನಡಕ ತೆಗೆದು ಅದನ್ನು ಕಣ್ಣಿನ ಹತ್ತಿರ ಹಿಡಿದರು. ತುಂಬಾ ಹೊತ್ತು ಹಿಡಿದರು. ಆಮೇಲೆ ಕೇಳಿದರು: "ಈ ಗೀರುಗಳನ್ನ ಹಾಕಿದ್ದು ಯಾರು? ನೀವಾ?"

"ಅಲ್ಲ."

"ಹಾಕಿದವರಿಗೆ ಕೆಲಸ ಗೊತ್ತಿದೆ. ಅವರು ನಿಮಗೆ ಹೇಳಲಿಲ್ವಾ?"

ಅತ್ತೆ ನೆಲ ನೋಡಿದಳು. "ನಾನು ಕೇಳಲಿಲ್ಲ ಸಾರ್" ಎಂದಳು.

ನಿಯಮದ ಪ್ರಕಾರ ಪೂರ್ತಿಯಾದ ಪಾತ್ರೆ ಬೇಕು ಎಂದರು ಅವರು. ಮುಂದಿನ ವರ್ಷ ಇದೇ ತಿಂಗಳು ಬನ್ನಿ ಎಂದರು. ಅರ್ಜಿಯಲ್ಲಿ ವಯಸ್ಸನ್ನು ನೋಡಿ ಒಂದು ಕ್ಷಣ ನಿಂತು, "ಮುಂದಿನ ವರ್ಷ ತಪ್ಪಿಸಬೇಡಿ" ಎಂದೂ ಹೇಳಿದರು. ಹೊರಗೆ ಬಂದಾಗ ಅಂಗಳದ ಆಚೆ ಸಾಲಾಗಿ ಐದಾರು ಕೋಣೆಗಳು ಕಂಡವು. ಎಲ್ಲಕ್ಕೂ ಬಾಗಿಲಿತ್ತು, ಬಾಗಿಲಿಗೆ ಒಳಗಿನ ಚಿಲಕವಿತ್ತು. ಅತ್ತೆ ಒಂದರ ಹತ್ತಿರ ಹೋಗಿ ಚಿಲಕವನ್ನು ಎರಡು ಸಲ ಹಾಕಿ ತೆಗೆದಳು. ಆಮೇಲೆ ನಾವು ಬಸ್ಸು ಹತ್ತಿದೆವು.

ಮರುದಿನ ಬೆಳಿಗ್ಗೆ ಅಪ್ಪ ಚಹಾದ ಲೋಟ ಹಿಡಿದು ಕೆಲಸದ ಕೋಣೆಗೆ ಬರುವ ಹೊತ್ತಿಗೆ ಅತ್ತೆ ಲೇತಿನ ಮುಂದೆ ನಿಂತಾಗಿತ್ತು. ಅಂದು ಗುರುವಾರವಲ್ಲ. ಗೋಡೆಗೊರಗಿಸಿದ್ದ ಹಸಿ ತುಂಡುಗಳಲ್ಲಿ ಒಂದನ್ನು ಅವಳು ಲೇತಿಗೆ ಬಿಗಿದಿದ್ದಳು.

"ಇವತ್ತು ಅಂಗಡಿಗೆ ಎಂಟು ಆಗಬೇಕು" ಎಂದ ಅಪ್ಪ.

"ಆಗುತ್ತೆ. ಕಾಯಿ."

ಅಪ್ಪ ಬಾಗಿಲಲ್ಲಿ ನಿಂತು ಕಾದ. ಅವನ ಚಹಾ ತಣ್ಣಗಾಯಿತು. ಅವಳು ಹೊರಗಿನ ಆಕಾರವನ್ನು ಮುಗಿಸಿ, ಒಳಗೆ ಟೊಳ್ಳು ಮಾಡಲು ಶುರುಮಾಡಿ, ಅರ್ಧದಲ್ಲಿ ಮೋಟಾರನ್ನು ನಿಲ್ಲಿಸಿದಳು.

"ಅಣ್ಣ, ಗೋಡೆ ಎಷ್ಟು ಬಿಡಲಿ?"

ಅಪ್ಪ ಲೋಟವನ್ನು ಕೈಯಲ್ಲಿ ತಿರುಗಿಸಿದ.

"ಕೇಳ್ತಾ ಇದ್ದೀನಿ."

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪ ಲೋಟದೊಳಗೆ ನೋಡಿದ. "ಹೊಟ್ಟೆ ಎಷ್ಟು ಅಗಲ ಇದೆಯೋ ಅದರ ಹತ್ತರಲ್ಲಿ ಒಂದು ಪಾಲು" ಎಂದ ಕೊನೆಗೆ. "ಇದಕ್ಕೆ ಒಂದು ಅಂಗುಲ."

"ತಳ?"

"ಅದೂ ಒಂದು. ಎಲ್ಲಾ ಕಡೆ ಒಂದೇ ಸಮ ಇರಬೇಕು."

"ಇರುವೆಗೆ ಮರ ಸಾಕಾಗುತ್ತಾ?"

"ಚಿಕ್ಕ ಇರುವೆ ಮಾಡು."

ಅವಳು ಕೂಡಲೇ ಮೋಟಾರು ಹಾಕಲಿಲ್ಲ. ಏಣಿ ಹತ್ತಿದಳು. ಅಪ್ಪನ ಭರಣಿಗಳಲ್ಲಿ ಮೂರನ್ನು ಒಂದೊಂದಾಗಿ ಕೆಳಗಿಳಿಸಿ, ಸಿಪ್ಪೆ ತೆಗೆದು, ಕ್ಯಾಲಿಪರಿನಿಂದ ಗೋಡೆಯನ್ನೂ ತಳವನ್ನೂ ಅಳೆದಳು. ಅಪ್ಪ ನಿಂತು ನೋಡುತ್ತಿದ್ದ. ಅವನ ಮುಖ ಕೆಂಪಾಯಿತು. "ನಾನು ಹೇಳಿದ್ದರ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳುತ್ತಾನೆಂದು ನಾನು ಕಾದೆ. ಕೇಳಲಿಲ್ಲ. ಮೂರೂ ಒಂದೊಂದು ಅಂಗುಲವೇ ಇದ್ದವು. ಅತ್ತೆ ಅವನ್ನು ಮೊದಲಿನ ಹಾಗೆಯೇ ಸುತ್ತಿ ಮೇಲೆ ಇಟ್ಟು ಬಂದು, ಮೋಟಾರು ಹಾಕಿದಳು.

ಆ ಹಸಿ ಭರಣಿ ಈಗ ಅಟ್ಟದಲ್ಲಿದೆ, ಸಾಲಿನ ಮುಂದೆಯೇ, ಗೋಣಿ ಮುಚ್ಚಿಲ್ಲ. ಅದರ ತೂಕವನ್ನು ಅವಳೊಬ್ಬಳೇ ಬರೆಯುತ್ತಾಳೆ. ಅದು ಒಣಗಲು ಮೂರು ತಿಂಗಳು ಸಾಕು. ಅವಳು ಕಾಯಬೇಕಾದದ್ದು ಒಂದು ವರ್ಷ.

ಅಂದು ಮಧ್ಯಾಹ್ನ ಅಂಗಡಿಯ ಎಂಟು ಭರಣಿಗಳ ಕೆಲಸ ಶುರುವಾಯಿತು. ಅಪ್ಪ ಮೊದಲನೆಯದನ್ನು ಕಡೆದು, ಎಂದಿನಂತೆ ಅತ್ತೆಯ ಹಲಗೆಯ ಮೇಲಿಟ್ಟ. ಅವಳು ಅದನ್ನು ಕಾಲುಗಳ ನಡುವೆ ಇಟ್ಟುಕೊಂಡಳು. ಕೊಡತಿಯನ್ನು ಎತ್ತಿಕೊಳ್ಳುವ ಮೊದಲು ಕ್ಯಾಲಿಪರನ್ನು ತೆಗೆದುಕೊಂಡು, ಅಣ್ಣ ಬಿಟ್ಟ ಪಟ್ಟಿಯ ದಪ್ಪವನ್ನು ಸುತ್ತಲೂ ನಾಲ್ಕು ಕಡೆ ಅಳೆದು ನೋಡಿದಳು. ಇಪ್ಪತ್ತೊಂದು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ಅಳೆದಿರಲಿಲ್ಲ. ಅಪ್ಪ ಆ ಕಡೆ ತಿರುಗಿ ಎರಡನೆಯ ಭರಣಿಯನ್ನು ಲೇತಿಗೆ ಬಿಗಿಯತೊಡಗಿದ.